ತಾಳುವ ಉಪಾಯ

‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಆದರೆ ಆಸೆಯೋ ಸಿಟ್ಟೋ ಬಂದಾಗ ತಾಳುವುದು ಹೇಗೆ? ಇದನ್ನು ಮಕ್ಕಳಿಂದಲೇ ತಿಳಿದುಕೊಂಡ ಪ್ರಾಧ್ಯಾಪಕರು ವಾಲ್ಟರ್ ಮಿಶೆಲ್.

ಮಿಶೆಲ್ 1930ರಲ್ಲಿ ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ ಜನಿಸಿದರು. 1938ರಲ್ಲಿ ಹಿಟ್ಲರನ ಸೇನೆ ಆ ದೇಶವನ್ನು ಆಕ್ರಮಿಸಿತು. ಯೆಹೂದಿಗಳಾದ ಅವರ ಮನೆಯವರು ಊರು ಬಿಟ್ಟು ಅಮೆರಿಕ ಸೇರಿದರು. ಅಲ್ಲಿ ಮಿಶೆಲ್ ಮನಶ್ಶಾಸ್ತ್ರವನ್ನು ಕಲಿತು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಆ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ 1960ರ ದಶಕದ ಕೊನೆಯಲ್ಲಿ ಅವರು ಒಂದು ಪ್ರಯೋಗ ಆರಂಭಿಸಿದರು. ನಾಲ್ಕೈದು ವರ್ಷದ ಮಗುವಿಗೆ ಇಷ್ಟವಾದ ತಿಂಡಿಯನ್ನು ತೋರಿಸಿ, “ನಾನು ಹೊರಗೆ ಹೋಗಿ ಬರುತ್ತೇನೆ. ಅಲ್ಲಿಯವರೆಗೆ ಕಾದರೆ ಎರಡು ಕೊಡುತ್ತೇನೆ. ಕಾಯಲು ಆಗದಿದ್ದರೆ ಗಂಟೆ ಬಾರಿಸು, ಒಂದು ಕೊಡುತ್ತೇನೆ” ಎಂದು ಹೇಳಲಾಗುತ್ತಿತ್ತು.

ತಿಂಡಿ ಕಣ್ಣೆದುರು ಇದ್ದಾಗ ಮಕ್ಕಳು ಬೇಗ ಸೋತರು. ಮುಚ್ಚಿಟ್ಟಾಗ ಹೆಚ್ಚು ಹೊತ್ತು ಕಾದರು. ಕೆಲವರು ತಾವೇ ಉಪಾಯ ಕಂಡುಕೊಂಡರು. ಒಬ್ಬರು ಕಣ್ಣು ಮುಚ್ಚಿಕೊಂಡರೆ ಇನ್ನೊಬ್ಬರು ಹಾಡು ಹೇಳಿಕೊಂಡರು. ಮಾರ್ಷ್‌ಮೆಲೋ ಎಂಬ ಮೆತ್ತನೆಯ ಬಿಳಿ ಸಿಹಿಯನ್ನು ಮೋಡವೆಂದು ಊಹಿಸಿಕೊಳ್ಳಲು ಹೇಳಿದಾಗಲೂ ಮಕ್ಕಳು ಹೆಚ್ಚು ಕಾದರು. ಹೀಗೆ, ತಾಳ್ಮೆಯನ್ನು ಕಲಿಯಬಹುದು ಎಂದು ಮಿಶೆಲ್ ತೋರಿಸಿದರು.

ಹಾಗಾದರೆ ಬೇಗ ತಿಂದ ಮಗು ಕೆಟ್ಟದ್ದೇ? ಖಂಡಿತ ಅಲ್ಲ. ಮಾತಿಗೆ ತಪ್ಪಿದ ಹಿರಿಯರನ್ನು ಕಂಡ ಮಕ್ಕಳು ಹೆಚ್ಚು ಹೊತ್ತು ಕಾಯುವುದಿಲ್ಲ ಎಂದು ಮುಂದೆ ಬೇರೆ ಸಂಶೋಧಕರು ಕಂಡುಕೊಂಡರು. ಮನೆಯ ಸ್ಥಿತಿಗತಿಯೂ ಮುಖ್ಯವೆಂದು 2018ರ ಒಂದು ಅಧ್ಯಯನ ತಿಳಿಸಿತು. ನಂಬಿಕೆ ಇದ್ದಲ್ಲಿ ತಾಳ್ಮೆ ಬೆಳೆಯುತ್ತದೆ. ಮಿಶೆಲ್ ತೀರಿಕೊಂಡದ್ದೂ ಅದೇ ವರ್ಷ.

ಮಕ್ಕಳೇ, ಸಿಟ್ಟು ಬಂದಾಗ ನೀವೂ ಈ ಉಪಾಯ ಮಾಡಿ. ಅಲ್ಲಿಂದ ಸ್ವಲ್ಪ ದೂರ ಹೋಗಿ, ಮನಸ್ಸನ್ನು ಬೇರೆಡೆಗೆ ತಿರುಗಿಸಿ. ಆದರೆ ದುಃಖವೋ ಭಯವೋ ದಿನಗಟ್ಟಲೆ ಕಾಡಿದರೆ ಒಬ್ಬರೇ ತಾಳಿಕೊಂಡಿರಬೇಡಿ. ತಂದೆತಾಯಿಗೆ ಅಥವಾ ಗುರುಗಳಿಗೆ ಹೇಳಿ. ಹೇಳಿಕೊಳ್ಳುವುದು ಸೋಲಲ್ಲ.

ಪದಗಳ ಅರ್ಥ
ಮನಶ್ಶಾಸ್ತ್ರ – ಮನಸ್ಸಿನ ಬಗೆಗಿನ ಶಾಸ್ತ್ರ
ಸಂಶೋಧಕ – ಹೊಸ ವಿಷಯವನ್ನು ಹುಡುಕಿ ತಿಳಿಯುವವನು

ಅಭ್ಯಾಸ
1. ಮಿಶೆಲ್ ಅವರ ಮನೆಯವರು ಊರು ಬಿಟ್ಟದ್ದೇಕೆ?
2. ಮಕ್ಕಳು ಕಾಯಲು ಮಾಡಿದ ಉಪಾಯಗಳಾವುವು?
3. ನಿಮಗೆ ಸಿಟ್ಟು ಬಂದಾಗ ಏನು ಮಾಡುವಿರಿ? ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.