ಜಡಿಮಳೆಗೆ ಸೂಜಿ, ಮಣ್ಣು, ಹಳೇ ಸೀರೆ

ತಂಗಿ, ಬಳ್ಳಾರಿ ಬಿಸಿಲಿನಲ್ಲಿ ಬೆಳೆದ ನಿನಗೆ ಧಾರವಾಡದ ಮಳೆ ಹೊಸದು. ನಿಮ್ಮ ಕಡೆ ಮಳೆ ಗುಡುಗುತ್ತದೆ, ಸುರಿಯುತ್ತದೆ, ಹೋಗಿಬಿಡುತ್ತದೆ. ಇಲ್ಲಿ ಹಾಗಲ್ಲ. ಮಲೆನಾಡಿನ ಸೆರಗಿನ ಊರು ಇದು. ಆರಿದ್ರಾ ಮಳೆ ಹಿಡಿಯಿತೆಂದರೆ ಪುಷ್ಯ ಮುಗಿಯುವತನಕ ಜಿಟಿಜಿಟಿ ಬಿಡುವುದಿಲ್ಲ. ಹುಬ್ಬಳ್ಳಿಯಲ್ಲಿ ಬಿಸಿಲು ಬಿದ್ದ ದಿನವೂ ನವಲೂರು ದಾಟಿದರೆ ಕೊಡೆ ಬಿಚ್ಚಬೇಕಾಗುತ್ತದೆ. ಸಾಲಿಗೆ ಸೂಟಿ, ಒಗೆದದ್ದು ಒಣಗುವುದಿಲ್ಲ, ಮಕ್ಕಳು ಪಡಸಾಲಿಯಲ್ಲೇ. ನಿನ್ನೆ ಬಾಗಿಲಲ್ಲಿ ನಿಂತು ಕೇಳಿದೆಯಲ್ಲ, ‘ಫೋನ್ ಬಿಟ್ಟು ಇವರ ಕೈಗೆ ಏನ್ ಕೊಡಲ್ರೀ?’ ಅಂತ. ಅವಸರದಲ್ಲಿ ಎರಡು ಮಾತು ಹೇಳಿ ಕಳಿಸಿದೆ. ಸಮಾಧಾನವಾಗಿ ಹೇಳಬೇಕಾದ್ದು ಇನ್ನೂ ಇದೆ.

ಮೊದಲನೆಯದು: ಅಂಗಡಿಯಿಂದ ದೊಡ್ಡ ಡಬ್ಬಿಗಳನ್ನು ತರಬೇಡ. ಹೊಳೆಯುವ ಕಾಗದ, ಅಂಟು, ಪ್ಲಾಸ್ಟಿಕ್ ಕಣ್ಣು ಎಲ್ಲ ತುಂಬಿದ ಆ ಪೆಟ್ಟಿಗೆ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಮಾಡಿದ್ದನ್ನು ಎಲ್ಲಿಡಬೇಕೆಂಬ ಚಿಂತೆ ಮಾತ್ರ ಉಳಿಯುತ್ತದೆ. ನೀನು ಬಂದು ನಿಂತ ಈ ಊರಿನಲ್ಲೇ ಮನೆಯೊಳಗೆ ಕೂತು ಮಾಡುವ ಕೆಲಸಗಳು ಬೇಕಾದಷ್ಟಿವೆ. ಸಣ್ಣದಾಗಿ ಹಿಡಿ, ಹಿಡಿದದ್ದನ್ನು ಮುಗಿಸು. ಮುಗಿದದ್ದು ಮನೆಯಲ್ಲಿ ಬಳಕೆಗೆ ಬರುವಂತಿರಲಿ.

ನನ್ನ ಮನಸ್ಸಿಗೆ ಹತ್ತಿರವಾದದ್ದು ಕಸೂತಿ, ಅದನ್ನೇ ಮೊದಲು ಹೇಳುತ್ತೇನೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಲೆ ಅದು; ಆದರೆ ಮಾನ್ಯತೆಯ ಮಾತು ಕೇಳಿ ಹೆದರಬೇಡ. ನಮ್ಮ ಹಿರಿಯರು ಅದನ್ನು ಯಾವ ಶಾಲೆಯಲ್ಲೂ ಕಲಿತವರಲ್ಲ. ನೆರೆಮನೆಯ ಕಟ್ಟೆಯ ಮೇಲೆ, ಎಳೆ ಎಣಿಸುತ್ತ ಕಲಿತವರು. ಗವಂತಿ, ಮುರಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಎಳೆಯುವಂತಿಲ್ಲ, ಗಂಟು ಹಾಕುವಂತಿಲ್ಲ. ಚಿತ್ರವೆಲ್ಲ ಲೆಕ್ಕದಲ್ಲೇ ಮೂಡಬೇಕು.

ನೀನು ಗವಂತಿಯಿಂದ ಶುರು ಮಾಡು. ಎಳೆ ಎದ್ದು ಕಾಣುವ ಮ್ಯಾಟಿ ಬಟ್ಟೆ ಒಂದು ಗೇಣು ಸಾಕು. ತುದಿ ಮೊಂಡಾದ ಸೂಜಿ ತೆಗೆದುಕೊ, ಮಕ್ಕಳ ಬೆರಳಿಗೂ ಅದೇ ಒಳ್ಳೆಯದು. ಆರೆಳೆಯ ದಾರದಲ್ಲಿ ಎರಡೆಳೆ ಬಿಡಿಸಿಕೊ. ಬಟ್ಟೆಯ ನಾಲ್ಕೆಳೆ ಸೇರಿದರೆ ಒಂದು ಮನೆ. ನಾಲ್ಕೆಳೆ ಮೇಲೆ, ನಾಲ್ಕೆಳೆ ಕೆಳಗೆ, ಮತ್ತೆ ನಾಲ್ಕೆಳೆ ಮೇಲೆ, ಹೀಗೆ ಒಂದು ಮನೆ ತುಂಬಿ ಒಂದು ಮನೆ ಬಿಡುತ್ತ ಹೋಗು. ಸಾಲಿನ ಕೊನೆ ಮುಟ್ಟಿದ ಮೇಲೆ ಅದೇ ತೂತುಗಳಲ್ಲಿ ತಿರುಗಿ ಬಾ, ಬಿಟ್ಟ ಮನೆಗಳನ್ನು ತುಂಬುತ್ತ. ಈಗ ಬಟ್ಟೆ ಮಗುಚಿ ನೋಡು. ಮೇಲೆ ಹೇಗಿದೆಯೋ ಕೆಳಗೂ ಹಾಗೇ ಇರಬೇಕು. ದಾರಿಯಲ್ಲಿ ಕವಲು ಬಂದರೆ ಆ ಕವಲಿನ ತುದಿ ಮುಟ್ಟಿ, ತುಂಬಿಕೊಂಡು ಬುಡಕ್ಕೆ ಮರಳಿ, ಆಮೇಲೆ ಮುಂದಿನ ಹಾದಿ ಹಿಡಿಯಬೇಕು. ಇಷ್ಟು ಗೊತ್ತಾದರೆ ಗೋಪುರ, ತೇರು, ತುಳಸಿಕಟ್ಟೆ, ನವಿಲು ಎಲ್ಲವೂ ಒಂದೊಂದಾಗಿ ಕೈಗೆ ಬರುತ್ತವೆ. ಮುರಗಿಯೂ ಇದೇ ಹೋಗಿಬರುವ ಹೊಲಿಗೆ, ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ ಅಷ್ಟೇ.

ಗಂಟಿಲ್ಲದೆ ದಾರ ಹೇಗೆ ನಿಲ್ಲುತ್ತದೆ ಎಂದು ನಿನ್ನ ಮಗಳು ಕೇಳೇ ಕೇಳುತ್ತಾಳೆ. ಶುರುವಿನಲ್ಲಿ ಬೆರಳುದ್ದ ದಾರ ಬಿಟ್ಟುಕೊಳ್ಳಬೇಕು. ಕೆಲಸ ಮುಗಿದ ಮೇಲೆ ಅದನ್ನು ಹೊಲಿಗೆಯ ಸಂದಿಯಲ್ಲೇ ಹಾಯಿಸಿ ಮರೆಮಾಡಬೇಕು. ಅವಳ ಗಣಿತದ ಚೌಕಳಿ ಪುಸ್ತಕದಲ್ಲಿ ಮೊದಲು ಚಿತ್ರ ಬಿಡಿಸಿಕೊಳ್ಳಲಿ, ಒಂದು ಚೌಕಕ್ಕೆ ಒಂದು ಮನೆ. ಹಿಂದಕ್ಕೆ ಬರುವ ದಾರಿಯನ್ನು ಬೇರೆ ಬಣ್ಣದಲ್ಲಿ ಗುರುತಿಸಲಿ. ಲೆಕ್ಕ ಎಂದರೆ ಮುಖ ತಿರುಗಿಸುವ ಮಕ್ಕಳೂ ಇಲ್ಲಿ ಎಣಿಸುತ್ತ ಕೂರುತ್ತಾರೆ, ಏಕೆಂದರೆ ಒಂದೆಳೆ ತಪ್ಪಿದರೆ ತೇರಿನ ಕಳಸ ಓರೆಯಾಗುತ್ತದೆ. ಓರೆಯಾದದ್ದು ಕಂಡಾಗ ನೀನು ಬಿಚ್ಚಲು ಹೋಗಬೇಡ. ಅವರೇ ಬಿಚ್ಚಲಿ.

ಚಂದ್ರಕಾಳಿ ಸೀರೆಯ ಆಸೆ ಈಗಲೇ ಬೇಡ. ಕಪ್ಪು ಇಳಕಲ್ ಸೀರೆಯ ಸೆರಗಿನ ಮೇಲೆ ಬಣ್ಣದ ದಾರದ ಕಸೂತಿ ಎಷ್ಟು ಚೆಂದವೋ, ಮಳೆಗಾಲದ ಮಬ್ಬಿನಲ್ಲಿ ಕಪ್ಪು ಬಟ್ಟೆಯ ಎಳೆ ಎಣಿಸುವುದು ಕಣ್ಣಿಗೆ ಅಷ್ಟೇ ಕಷ್ಟ. ಒಂದು ಕರವಸ್ತ್ರದ ಮೂಲೆ, ಇಲ್ಲವೇ ಪೂಜೆಯ ತಟ್ಟೆ ಮುಚ್ಚುವ ವಸ್ತ್ರ, ಈ ಮಳೆಗಾಲಕ್ಕೆ ಅಷ್ಟು ಸಾಕು. ಕಲಿತ ಮೇಲೆ ಅಂಗಡಿಯಲ್ಲಿ ಕಸೂತಿ ಅಂತ ತೋರಿಸಿದ್ದರ ಬೆನ್ನು ಮಗುಚಿ ನೋಡುವ ಅಭ್ಯಾಸ ತಾನಾಗಿ ಬರುತ್ತದೆ. ಗವಂತಿ ಎಂದು ಹೇಳಿದ್ದರ ಹಿಂಬದಿಯಲ್ಲಿ ದಾರ ಗೋಜಲಾಗಿದ್ದರೆ ಅದು ನಿಜವಾದ ಗವಂತಿಯಲ್ಲ.

ಇನ್ನು ಮಣ್ಣು. ಇದು ನಿನ್ನ ಸಣ್ಣವನಿಗೆ. ಅವನು ಹೇಗೂ ಅಂಗಳದ ಕೆಸರಿನಲ್ಲೇ ಇದ್ದಾನೆ, ಬೈದು ಒಳಗೆ ಎಳೆಯುವ ಬದಲು ಆ ಕೆಸರನ್ನೇ ಒಳಗೆ ತರಿಸು. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಶ್ರಾವಣಕ್ಕೆ ನಾಗಪ್ಪ, ಭಾದ್ರಪದಕ್ಕೆ ಗಣಪ್ಪ. ನಮ್ಮ ಕಡೆ ಮಳೆಗಾಲ ಪೂರ್ತಿ ಮಣ್ಣಿನ ಹಬ್ಬಗಳೇ. 2020ರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಜೂನ್ 21ರ ಭಾನುವಾರ ಬಂದಿತ್ತು. ಕೊರೊನಾದ ಭಯ ಒಂದು ಕಡೆ, ಅದೇ ದಿನ ಸೂರ್ಯಗ್ರಹಣ ಇನ್ನೊಂದು ಕಡೆ. ಬಹಳ ಮಂದಿ ಹೊರಗೆ ಕಾಲಿಡಲಿಲ್ಲ. ಪೇಟೆಗೆ ಹೋಗಿ ಕೊಳ್ಳಲು ಹಿಂಜರಿದು, ತುಳಸಿ ಕುಂಡದ ಬುಡದ ಮಣ್ಣಿನಲ್ಲೇ ಜೋಡೆತ್ತು ಮಾಡಿ ಪೂಜಿಸಿದ ಮನೆಗಳನ್ನು ನಾನು ಬಲ್ಲೆ.

ಎತ್ತು ಮಾಡುವುದು ಸುಲಭ, ಒಡೆಯದಂತೆ ಒಣಗಿಸುವುದೇ ಕಷ್ಟ. ನವಲಗುಂದದ ಕಡೆಯ ಎರೆಮಣ್ಣು ಕೈಗೆ ಬೆಣ್ಣೆಯಂತೆ ಸಿಗುತ್ತದೆ, ಆದರೆ ಒಣಗುತ್ತ ಬಹಳ ಕುಗ್ಗಿ ಬಿರುಕು ಬಿಡುತ್ತದೆ. ಅದಕ್ಕೆ ಸ್ವಲ್ಪ ಮಸಾರಿ ಮಣ್ಣು ಬೆರೆಸು, ಜರಡಿ ಹಿಡಿದು ರಾತ್ರಿ ನೆನೆಹಾಕು, ಬೆಳಿಗ್ಗೆ ಬಿಡಿಸಿದ ಹತ್ತಿಯ ಎಳೆ ಹಾಕಿ ಮೆದ್ದಿ ಹದ ಮಾಡು. ಕಾಲು ಗಟ್ಟಿ ನಿಲ್ಲಲೆಂದು ಒಳಗೆ ಕಡ್ಡಿ ಇಡುತ್ತಾರೆ, ಅದು ಬೇಡ. ಮಣ್ಣು ಕುಗ್ಗುತ್ತದೆ, ಕಡ್ಡಿ ಕುಗ್ಗುವುದಿಲ್ಲ, ಕಾಲು ಸೀಳುತ್ತದೆ. ಕಾಲು ಗಿಡ್ಡ, ದಪ್ಪ ಇರಲಿ. ಇಣಿಯನ್ನು ಬೇರೆ ಮಾಡಿ ಅಂಟಿಸದೆ ಅದೇ ಮುದ್ದೆಯಿಂದ ಮೇಲಕ್ಕೆ ಎಳೆ. ಕೋಡು, ಕಿವಿ ಅಂಟಿಸುವ ಜಾಗವನ್ನು ಗೀರಿ, ತೆಳು ಕೆಸರು ಹಚ್ಚಿ ಕೂರಿಸು. ಬೇಗ ಒಣಗಲೆಂದು ಒಲೆಯ ಹತ್ತಿರ ಇಟ್ಟೀಯೆ, ಮೇಲ್ಮೈ ಒಣಗಿ ಒಳಗೆ ಹಸಿ ಉಳಿದು ಒಡೆಯುತ್ತದೆ. ನೆರಳಿನಲ್ಲಿ, ಗಾಳಿಗೆ, ನಿಧಾನ.

ಹಾಗೂ ಒಂದರ ಕಾಲು ಮುರಿದರೆ ಹುಡುಗನನ್ನು ಅಳಲು ಬಿಡಬೇಡ. ಅಮಾವಾಸ್ಯೆಯ ಮರುದಿನ ಮಕ್ಕಳು ಕುಂಟೆತ್ತು ಹಿಡಿದು ಮನೆಮನೆಗೆ ಹೋಗಿ ಜೋಳ ಬೇಡುವ ಪದ್ಧತಿ ನಮ್ಮಲ್ಲಿದೆ. ಅವನ ಎತ್ತು ಆ ಕೆಲಸಕ್ಕೆ ತಯಾರಾಯಿತು ಅಂತ ಹೇಳು. ಒಂದು ಎಚ್ಚರ ಮಾತ್ರ ಮರೆಯಬೇಡ. ಹಿಂದಿನವರು ಅಲಂಕಾರಕ್ಕೆ ಗುಲಗಂಜಿ ಒತ್ತುತ್ತಿದ್ದರು. ಅದರ ಬೀಜ ಜಗಿದರೆ ವಿಷ, ಬಾಯಿಗೆ ಹಾಕುವ ಮಕ್ಕಳಿರುವ ಮನೆಗೆ ತರಲೇಬೇಡ. ಕಣ್ಣಿಗೆ ಜೋಳದ ಕಾಳು, ಕೊರಳಿಗೆ ಕುಸುಬಿ ಕಾಳು ಸಾಕು.

ಆಗಸ್ಟ್ 15 ಹತ್ತಿರ ಬಂದಾಗ ಕಾಗದದ ಬಾವುಟವನ್ನು ಮಕ್ಕಳಿಂದಲೇ ಮಾಡಿಸು. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ, ರಾಷ್ಟ್ರಧ್ವಜ ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ. ಅಳತೆ ಅಂದರೆ ಅಳತೆ ಅಲ್ಲಿ. ನಿನ್ನ ಮಕ್ಕಳೂ ಉದ್ದ ಮೂರು ಪಾಲು, ಅಗಲ ಎರಡು ಪಾಲು ಹಿಡಿಯಲಿ. ಕೋನಮಾಪಕ ಇಟ್ಟು 15 ಡಿಗ್ರಿಗೆ ಒಂದರಂತೆ ಚಕ್ರದ 24 ಅರೆಗಳನ್ನು ಎಳೆಯಲಿ. ಹಬ್ಬ ಮುಗಿದ ಮೇಲೆ ಅದನ್ನು ಕಸಕ್ಕೆ ಹಾಕದೆ ಜೋಪಾನ ಮಾಡಲು ಕಲಿಸು.

ನಿನಗಾಗಿ ಒಂದು ಕೆಲಸ, ಕೌದಿ. ಟ್ರಂಕಿನಲ್ಲಿ ನಿಮ್ಮತ್ತೆಯ ಹಳೇ ನೂಲಿನ ಸೀರೆಗಳಿವೆ ಎಂದಿದ್ದೆ. ಅವನ್ನು ಒರೆಸುವ ಬಟ್ಟೆ ಮಾಡಬೇಡ. ಹಾಸಿಗೆಯಷ್ಟು ದೊಡ್ಡದಕ್ಕೆ ಕೈ ಹಾಕದೆ ಕೂಸಿನ ಕೌದಿಯಷ್ಟು ಹೊಲಿ. ಕೆಳಗೆ ಮೇಲೆ ಮೆತ್ತನೆಯ ಸೀರೆ, ನಡುವೆ ಧೋತರದ ತುಂಡು, ಮೇಲ್ಭಾಗಕ್ಕೆ ಬಣ್ಣಬಣ್ಣದ ತೇಪೆ. ಪಾಲಿಸ್ಟರ್ ಸೇರಿಸಬೇಡ, ಒಗೆದಾಗ ನೂಲು ಕುಗ್ಗುತ್ತದೆ, ಅದು ಕುಗ್ಗುವುದಿಲ್ಲ, ಕೌದಿ ನೆರಿಗೆಗಟ್ಟುತ್ತದೆ. ಅಂಚಿನಿಂದ ಹೊಲಿಯುತ್ತ ಸುತ್ತು ಸುತ್ತಾಗಿ ನಡುವಿಗೆ ಬರಬೇಕು. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರೂ ಹೀಗೇ ಹೊಲಿಯುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮಾಡಿದ ಹೂ ಇಡದಿದ್ದರೆ ಅವರಿಗೆ ಕೌದಿ ಮುಗಿದಂತೆಯೇ ಅಲ್ಲ. ಅಮೆರಿಕದಲ್ಲೂ ಪ್ರದರ್ಶನಕ್ಕಿಟ್ಟ ಕೌದಿಗಳು ಅವು. ಮಗನಿಗೂ ಸೂಜಿ ಕೊಡು. ಗುಂಡಿ ಹಚ್ಚಲು ಬಾರದ ಗಂಡಸರನ್ನು ಇನ್ನೆಷ್ಟು ತಲೆಮಾರು ಬೆಳೆಸುವುದು?

ಫೋನಿನಲ್ಲಿ ನೋಡಿ ಕಲಿಯಬಾರದೇ ಎಂದರೆ, ಕಲಿಯಬಹುದು. ಆದರೆ ನಿನ್ನ ಬಟ್ಟೆಯ ಬೆನ್ನಿನಲ್ಲಿ ದಾರ ಎಲ್ಲಿ ದಾರಿ ತಪ್ಪಿತೆಂದು ಫೋನಿಗೆ ಕಾಣುವುದಿಲ್ಲ. ನಿಮ್ಮ ಓಣಿಯ ಕೊನೆಯ ಮನೆಯಲ್ಲಿ ಗವಂತಿ ಬಲ್ಲ ಅಜ್ಜಿ ಇದ್ದಾರೆ. ಬೆರಳು ಇನ್ನೂ ಚುರುಕು, ಕಣ್ಣು ಮಂಜು. ಸೂಜಿಗೆ ದಾರ ಪೋಣಿಸಲಾಗದೆ ಕೈಬಿಟ್ಟಿದ್ದಾರೆ. ನಾಳೆ ಮಳೆ ಸ್ವಲ್ಪ ಕಡಿಮೆಯಾದಾಗ ಮಕ್ಕಳನ್ನು ಕರೆದುಕೊಂಡು ಹೋಗು. ಹತ್ತು ಸೂಜಿಗೆ ಹತ್ತು ಬಣ್ಣದ ದಾರ ಪೋಣಿಸಿ, ಅವರ ಗೋಡೆಯ ಕ್ಯಾಲೆಂಡರಿಗೆ ಚುಚ್ಚಿಟ್ಟು, ಆಮೇಲೆ ನಿನ್ನ ಮ್ಯಾಟಿ ಬಟ್ಟೆ ತೆಗೆದು ತೋರಿಸು.