ತುಮಾದ ಮಾತು

ಸಂಘದಲ್ಲಿ ಹಳಗನ್ನಡ ಪದ್ಯ ಓದುವಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳ್ತಾರೆ: 'ಇದನ್ನು ಈಗ ಯಾರು ಮಾತಾಡ್ತಾರೆ ಮಾರಾಯ?' ಪಾಪುವಾ ನ್ಯೂಗಿನಿಗೆ ಸೇರಿದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿದ್ಧವಾಗಿದೆ. ಹಳೆಯ ಭಾಷೆಯನ್ನು ಸತ್ತವರು ಮಾತಾಡುತ್ತಾರೆ!

ಬದುಕಿರುವವರ ಭಾಷೆ ಕಿಲಿವಿಲ. ಅದರಲ್ಲಿ ಬರಿಯ 'ಒಂದು' ಅನ್ನುವ ಹಾಗಿಲ್ಲ. ಎಣಿಸುವ ವಸ್ತು ಯಾವ ಬಗೆಯದೆಂದು ಸಂಖ್ಯೆಯ ಮೊದಲಲ್ಲೇ ಹೇಳಬೇಕು. ಗಂಡಸಾದರೆ 'ತೇತಲ', ಹೆಂಗಸೋ ಪ್ರಾಣಿಯೋ ಆದರೆ 'ನತಲ', ಮರದ ದೋಣಿಯಾದರೆ 'ಕೇತಲ'. ಒಬ್ಬ, ಒಬ್ಬಳು, ಒಂದು ಎನ್ನುವ ನಮಗೆ ಇದು ತೀರಾ ಹೊಸದಲ್ಲ. ಆದರೆ ನಾವು ಅಷ್ಟಕ್ಕೇ ನಿಲ್ಲಿಸಿದೆವು. ಮಾಲಿನೋವ್‌ಸ್ಕಿ 1920ರಲ್ಲೇ ಇಂಥ 40ಕ್ಕೂ ಹೆಚ್ಚು ಪ್ರತ್ಯಯಗಳನ್ನು ಗುರುತಿಸಿದ್ದ.

ಅದೇ ಮಾಲಿನೋವ್‌ಸ್ಕಿ 1916ರಲ್ಲಿ ಅವರ ಪರಲೋಕದ ಬಗ್ಗೆಯೂ ಬರೆದ. ಮನುಷ್ಯ ಸತ್ತರೆ 'ಬಲೋಮ', ಅಂದರೆ ಆತ್ಮ, ತುಮಾಕ್ಕೆ ಹೋಗುತ್ತದೆ. ತುಮಾ ಆಕಾಶದಲ್ಲಿಲ್ಲ. ದೋಣಿಯಲ್ಲಿ ಹೋಗಿ ಬರಬಹುದಾದ ನಿಜವಾದ ದ್ವೀಪ ಅದು. ಬಾಗಿಲಲ್ಲಿ ತೋಪಿಲೆತ ಎಂಬವನಿದ್ದಾನೆ, ಕಾಣಿಕೆ ಕೊಡದೆ ಒಳಗೆ ಬಿಡುವುದಿಲ್ಲ. ಆದರೆ ನಮ್ಮ ಚಿತ್ರಗುಪ್ತನ ಹಾಗೆ ಪಾಪಪುಣ್ಯದ ಲೆಕ್ಕ ತೆಗೆಯುವವನಲ್ಲ. ಒಳಗೆ ಹೋದವರು ಮುದುಕರಾದಾಗ ಚರ್ಮ ಕಳಚಿ ಮತ್ತೆ ಹರೆಯದವರಾಗುತ್ತಾರೆ. ಕಡೆಗೆ ಆ ಸುಖವೂ ಬೇಸರವಾಗಿ, ಪುಟ್ಟ ಶಿಶುವಾಗಿ ಕಡಲು ದಾಟಿ ಬಂದು, ತಮ್ಮದೇ ತಾಯಿಬಳಿಯ ಹೆಂಗಸಿನ ಗರ್ಭ ಸೇರುತ್ತಾರೆ. ಗೆಣಸಿನ ಸುಗ್ಗಿಯ 'ಮಿಲಮಾಲ' ಹಬ್ಬಕ್ಕೆ ಬಲೋಮಗಳು ಊರಿಗೆ ಬಂದು ಹೋಗುವುದೂ ಉಂಟು. ಅವರಿಗೆ ಊಟ ಇಡುತ್ತಾರೆ, ಹಬ್ಬ ಮುಗಿದ ಮೇಲೆ ಡೋಲು ಬಾರಿಸಿ ಕಳಿಸುತ್ತಾರೆ.

ಆ ಹಬ್ಬದಲ್ಲಿ ಹಾಡುವ ಹಾಡುಗಳು, ಸಾವಿನ ಮನೆಯಲ್ಲೂ ಹಾಡುವಂಥವು, 'ಬಿಗ ಬಲೋಮ'ದಲ್ಲಿವೆ. ಅಂದರೆ ಆತ್ಮಗಳ ಮಾತು. ತುಮಾದ ಬದುಕು ಎಷ್ಟು ಚೆಂದ ಅಂತ ಆ ಹಾಡುಗಳೇ ವರ್ಣಿಸುತ್ತವೆ. 1982ರಿಂದ ಅಲ್ಲಿಗೆ ಹೋಗಿಬಂದ ಭಾಷಾವಿಜ್ಞಾನಿ ಗುಂಟರ್ ಸೆನ್ಫ್ಟ್ ಕಂಡದ್ದು ಬೇರೆಯೇ. ಹಾಡುವವರಲ್ಲಿ ಹೆಚ್ಚಿನವರಿಗೆ ಅರ್ಥ ಗೊತ್ತಿಲ್ಲ, ಗೊತ್ತಿದ್ದವರು ಬೆರಳೆಣಿಕೆಯ ಮುದುಕರು. ಅವರ ಜೊತೆ ಕೂತು ಅರ್ಥ ಬಿಡಿಸಿ, 2011ರಲ್ಲಿ ಆ ಹಾಡುಗಳನ್ನು ಪುಸ್ತಕವಾಗಿ ತಂದರು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ವಿಜಯಪುರದ ಕಡೆಯ ನಮ್ಮಜ್ಜಿ ಬೀಸುವಾಗ ಹಾಡುತ್ತಿದ್ದ ಒಂದು ಹಾಡು ನನಗೆ ಪೂರಾ ಬಾಯಿಪಾಠ. ಮುಂಬೈಯಲ್ಲಿ ಹುಟ್ಟಿದವನು ನಾನು, ಅರ್ಥ ಕೇಳಬೇಕೆಂದು ಹೊಳೆಯಲೇ ಇಲ್ಲ. ಈಗ ಅಜ್ಜಿ ಇಲ್ಲ, ಅಮ್ಮನಿಗೂ ಗೊತ್ತಿಲ್ಲ. ತಿಳಿಯದ ಏಳು ಶಬ್ದಗಳನ್ನು ವಹಿಯಲ್ಲಿ ಬರೆದಿಟ್ಟಿದ್ದೇನೆ. ಆ ಕಡೆಯ ಹಿರಿಯರು ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ, ಶನಿವಾರ ಸಂಘದ ಕೋಣೆಯಲ್ಲಿ ಸಿಗುತ್ತೇನೆ.