ಮುರಿದ ಬಾಯನ್ನು ನೋಡು

ಮಗಳೇ, ಮೊನ್ನೆ ನೀನು ತಂದಿದ್ದ ತೆಂಗಿನ ನಾರು ಬೆರೆಸಿದ ಪಾಲಿಪ್ರೊಪಿಲೀನ್ ಪಟ್ಟಿ ಇನ್ನೂ ನನ್ನ ಮೇಜಿನ ಮೇಲಿದೆ. ಯಂತ್ರ ತೋರಿಸಿದ ಅಂಕಿ ಕಡಿಮೆಯೆಂದು ಮುಖ ಸಣ್ಣ ಮಾಡಿಕೊಂಡು ಹೋದೆ. ಮುರಿದ ಬಾಯನ್ನು ಭೂತಗನ್ನಡಿಯಲ್ಲಿ ನೋಡಿದೆಯಾ? ನಾರು ತುಂಡಾಗಿಲ್ಲ. ನುಣ್ಣಗೆ ಕಿತ್ತು ಬಂದಿದೆ, ಅದಿದ್ದಲ್ಲಿ ದುಂಡನೆಯ ತೂತು ಉಳಿದಿದೆ. ಭಾರ ನಾರಿನವರೆಗೆ ಹೋಗಲೇ ಇಲ್ಲ. ಇನ್ನಷ್ಟು ನಾರು ತುಂಬಿ ಏನು ಪ್ರಯೋಜನ?

ಆ ನಾರಿನ ಮೈಮೇಲೆ ಮೇಣದಂಥ ಪದರವಿದೆ. ನೂರಕ್ಕೆ 5ರಷ್ಟು ಕಾಸ್ಟಿಕ್ ಸೋಡಾ ಬೆರೆಸಿದ ನೀರಲ್ಲಿ ನೆನೆಸಿ ತೊಳೆದರೆ ಅದು ಬಿಟ್ಟು ಮೈ ತರಿತರಿಯಾಗುತ್ತದೆ, ಪ್ಲಾಸ್ಟಿಕ್ಕಿಗೆ ಹಿಡಿತ ಸಿಗುತ್ತದೆ. ಅತಿಯಾದರೆ ನಾರೇ ಸವೆಯುತ್ತದೆ, ಜೋಕೆ. ಜೊತೆಗೆ ಮಲೇಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಪಾಲಿಪ್ರೊಪಿಲೀನ್ ಸ್ವಲ್ಪ ಬೆರೆಸು. ಅದು ನಾರಿಗೂ ಅಂಟುತ್ತದೆ, ಪ್ಲಾಸ್ಟಿಕ್ಕಿನೊಳಗೂ ಹೆಣೆದುಕೊಳ್ಳುತ್ತದೆ.

ಒಣಗಿಸುವ ವಿಷಯದಲ್ಲಿ ಮಾತ್ರ ಅವಸರ ಬೇಡ. ತ್ರಿಪ್ಪುಣಿತ್ತುರದ ಮಳೆಗಾಲದಲ್ಲಿ ಕರಿದಿಟ್ಟ ಹಪ್ಪಳ ಊಟ ಮುಗಿಯುವುದರೊಳಗೆ ಮೆತ್ತಗಾಗುತ್ತದಲ್ಲ, ನಾರೂ ಹಾಗೆಯೇ ಗಾಳಿಯ ನೀರು ಕುಡಿಯುತ್ತದೆ. ನಾನು ಒಮ್ಮೆ ಬೆಳಿಗ್ಗೆ ಒಣಗಿಸಿದ ನಾರನ್ನು ಮಧ್ಯಾಹ್ನ ಅಚ್ಚಿಗೆ ಹಾಕಿದೆ. ಹಲಗೆಯೊಳಗೆಲ್ಲ ಆವಿಯ ಗುಳ್ಳೆ. ಇಡೀ ವಾರದ ಕೆಲಸ ಹಾಳಾಯಿತು. ಓವನ್ನಿನಿಂದ ತೆಗೆದದ್ದು ನೇರ ಅಚ್ಚಿಗೇ ಹೋಗಲಿ. ಅಚ್ಚಿನ ಬಿಸಿಯನ್ನು 200 ಡಿಗ್ರಿ ದಾಟಿಸಬೇಡ, ನಾರು ಕರಕಲಾಗುತ್ತದೆ.

ನಮ್ಮ ಕೆ.ಜಿ. ಸತ್ಯನಾರಾಯಣ ಅವರು ತಿರುವನಂತಪುರದ ಪ್ರಾದೇಶಿಕ ಸಂಶೋಧನಾಲಯದಲ್ಲಿದ್ದಾಗ ಸಂಗಡಿಗರೊಂದಿಗೆ ತೆಂಗಿನ ಮರದ ಬೇರೆ ಬೇರೆ ಭಾಗಗಳ ನಾರನ್ನು ಪರೀಕ್ಷಿಸಿ 1982ರಲ್ಲಿ ಪ್ರಕಟಿಸಿದರು. ಅದನ್ನು ಹುಡುಕಿ ಓದು. ಕಾಯಿಸಿಪ್ಪೆಯ ನಾರಿನೊಳಗೆ ಸೆಲ್ಯುಲೋಸ್ ಎಳೆಗಳು ಸ್ಪ್ರಿಂಗಿನಂತೆ ಓರೆಯಾಗಿ ಸುತ್ತಿಕೊಂಡಿವೆ. ಅದಕ್ಕೇ ಅದು ಚೆನ್ನಾಗಿ ಹಿಗ್ಗುತ್ತದೆ, ಪೆಟ್ಟು ತಾಳುತ್ತದೆ. ಬಿಗಿತದಲ್ಲಿ ಮಾತ್ರ ಸೆಣಬಿಗೂ ಸಾಟಿಯಲ್ಲ. ಅದರ ಸ್ವಭಾವಕ್ಕೆ ಒಗ್ಗದ ಕೆಲಸ ಅದಕ್ಕೆ ಹೊರಿಸುವುದು ಅನ್ಯಾಯ ಎಂದೇ ನನಗೆ ಅನಿಸುತ್ತದೆ.

ಬಿಗಿತ ಬೇಕಿದ್ದರೆ ಬಸಾಲ್ಟ್ ನೂಲಿನ ಬಟ್ಟೆ ತರಿಸು. ವಿಜಯಪುರ, ಕಲಬುರಗಿಯ ಕಡೆ ನೆಲದಡಿ ಹಾಸಿರುವ ಕಪ್ಪುಕಲ್ಲಿನ ಜಾತಿಯದೇ. 1400 ಡಿಗ್ರಿಗೂ ಮೇಲೆ ಕರಗಿಸಿ ಎಳೆದ ನೂಲು. ಹಲಗೆ ಬಾಗಿದಾಗ ಎಳೆತ ಒಂದು ಮೈಗೆ, ಒತ್ತಡ ಇನ್ನೊಂದು ಮೈಗೆ ಬೀಳುವುದರಿಂದ ಬಸಾಲ್ಟನ್ನು ಎರಡು ಹೊರಮೈಗೆ ಹಾಕು, ತೆಂಗಿನ ನಾರು ನಡುವೆ ಇರಲಿ. ಕೊಳ್ಳುವಾಗ ನೂಲಿನ ಲೇಪ ಯಾವ ಪ್ಲಾಸ್ಟಿಕ್ಕಿಗೆಂದು ಕೇಳು. ಎಪಾಕ್ಸಿಗೆಂದು ಲೇಪಿಸಿದ್ದು ಪಾಲಿಪ್ರೊಪಿಲೀನನ್ನು ಸರಿಯಾಗಿ ಹಿಡಿಯುವುದಿಲ್ಲ.

ಭಾನುವಾರ ಊಟಕ್ಕೆ ಬರುವಾಗ ತೊಳೆದ ನಾರಿನ ಪಟ್ಟಿ, ತೊಳೆಯದ ನಾರಿನ ಪಟ್ಟಿ, ಎರಡರ ಮುರುಕುಗಳನ್ನೂ ತಾ. ಭೂತಗನ್ನಡಿ ಒರೆಸಿಟ್ಟಿರುತ್ತೇನೆ.